ಹೆಲ್ಮೆಟ್ಟಿನೊಳಗಿನ ಧ್ವನಿ ಮತ್ತು ಕಿವಿಯ ಆರೋಗ್ಯ

ಶ್ರೀಮಠದಲ್ಲಿ ಕಳೆದ ತಿಂಗಳು ಜರುಗಿದ ಉಚಿತ ಆರೋಗ್ಯ ತಪಾಸಣಾ ಶಿಬಿರದಲ್ಲಿ ಭಕ್ತರೊಬ್ಬರು ರಕ್ತದೊತ್ತಡವನ್ನು ಪರೀಕ್ಷಿಸಿಕೊಂಡ ಮೇಲೂ ಎದ್ದು ಹೋಗದೆ ನಮ್ಮೆದುರಿಗೇ ಕುಳಿತರು. “ಡಾಕ್ಟರ್ರೀ, ಇನ್ನೊಂದು ಕೇಳೂದಿತ್ರಿ. ಮಗ ದಿನಾ ಹಾವೇರಿಯಿಂದ ಹುಬ್ಬಳ್ಳಿಗೆ ಗಾಡಿ ಮ್ಯಾಲ ಹೋಗಿ ಬರ್ತಾನ. ಹೆಲ್ಮೆಟ್ಟಿನ್ಯಾಗ ಎರಡೂ ಕಿವಿಗೆ ಇಯರ್‌ಫೋನ್ ತುರುಕ್ಕೊಂಡಿರ್ತಾನ. ಅದನ್ನ ಬಿಡ್ಸಿ ಹೆಲ್ಮೆಟ್ಟಿಗೆ ಕೂಡ್ಸೂ ಸ್ಪೀಕರ್ ಕೊಡಸ್ಬೇಕಂತ ಮಾಡೇನಿ. ಯಾವುದು ಛಲೋ, ನೀವ ಹೇಳ್ರಿ” ಎಂದು ಕೇಳಿದರು.

ವೈದ್ಯರ ಬಳಿ ಕೇಳುವ ಪ್ರಶ್ನೆಯೇ ಇದು ಎಂದು ಸರದಿಯಲ್ಲಿದ್ದವರು ನಕ್ಕರು. ನಾವು ನಗಲಿಲ್ಲ. ಈ ಪ್ರಶ್ನೆಯನ್ನು ಅಂಗಡಿಯವನಿಗಿಂತ ಮೊದಲು ವೈದ್ಯನ ಬಳಿ ಕೇಳುವುದೇ ಸರಿ. ಶಿಬಿರದ ಗದ್ದಲದಲ್ಲಿ ಆ ತಂದೆಗೆ ಪೂರ್ಣ ಉತ್ತರ ಕೊಡಲಾಗಲಿಲ್ಲ. ಮೋಟಾರ್ ಸೈಕಲ್ ಓಡಿಸುವ ಮಕ್ಕಳು ಇಂದು ಮನೆಮನೆಯಲ್ಲಿಯೂ ಇರುವುದರಿಂದ ಆ ಉತ್ತರವನ್ನು ಸದ್ಭಕ್ತರೆಲ್ಲರಿಗೂ ಒಪ್ಪುವಂತೆ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಕಿವಿಯ ಕಥೆ

ಮೊದಲು ನಮ್ಮದೇ ಒಂದು ಅನುಭವ. ನಾಲ್ಕೈದು ವರ್ಷಗಳ ಹಿಂದೆ ಚಿಕಿತ್ಸಾಲಯದಲ್ಲಿ ಜ್ವರ ಬಂದ ಬಾಲಕಿಯೊಬ್ಬಳ ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ಅದು ಕೂಗುವುದನ್ನೇ ಕಾಯುತ್ತಿದ್ದೆವು. ಬಹಳ ಹೊತ್ತಾದರೂ ಸದ್ದಿಲ್ಲ. ಉಪಕರಣ ಕೆಟ್ಟಿರಬೇಕೆಂದು ತೆಗೆಯಹೋದಾಗ ಆ ಮಗು, “ಅಜ್ಜಾ, ಅದು ಆಗಲೇ ಕೂಗಿತಲ್ಲ” ಎಂದಿತು. ಕೋಣೆಯಲ್ಲಿದ್ದವರಿಗೆಲ್ಲ ಆ ಕೂಗು ಕೇಳಿತ್ತು. ಕೇಳದವರು ನಾವೊಬ್ಬರೇ.

ಶ್ರವಣ ಪರೀಕ್ಷೆ ಮಾಡಿಸಿದೆವು. ಮಾತಿನ ತಗ್ಗಿನ ಸ್ವರಗಳೆಲ್ಲ ಸರಿಯಾಗಿಯೇ ಕೇಳುತ್ತಿದ್ದವು. ಆದರೆ ಸುಮಾರು 4000 ಹರ್ಟ್ಸ್ ಇರುವ ಉಚ್ಚ ಸ್ವರದ ಬಳಿ ರೇಖೆಯು ಥಟ್ಟನೆ ಕುಸಿದಿತ್ತು. ಪರೀಕ್ಷಿಸಿದವರು, “ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದಿರಾ?” ಎಂದು ಕೇಳಿದರು. ಇಲ್ಲವೆಂದೆವು. ವಯಸ್ಸಿನಿಂದ ಕುಗ್ಗುವ ಕಿವಿಯ ರೇಖೆಯು ಮೇಲಿನ ಸ್ವರಗಳತ್ತ ಸಾಗಿದಂತೆ ಇಳಿಯುತ್ತಲೇ ಹೋಗುತ್ತದೆ. 4000 ಹರ್ಟ್ಸ್ ಬಳಿ ಗುಂಡಿ ಬಿದ್ದು ಮುಂದೆ ತುಸು ಮೇಲೇಳುವುದು ಬಹುವರ್ಷ ಶಬ್ದಕ್ಕೆ ಸಿಕ್ಕ ಕಿವಿಯ ಗುರುತು. ನಾವು ಹಳ್ಳಿಹಳ್ಳಿಗಳ ರೋಗಿಗಳನ್ನು ನೋಡಲು ಮೂವತ್ತು ವರ್ಷಗಳಿಗೂ ಮಿಕ್ಕಿ ಮೋಟಾರ್ ಸೈಕಲ್ಲಿನಲ್ಲಿ ಓಡಾಡಿದವರು. ಬಹುಕಾಲ ಕಿವಿ ತೆರೆದಿರುವ ಅರ್ಧ ಹೆಲ್ಮೆಟ್ ಧರಿಸಿದವರು. ನಮ್ಮ ಕಿವಿಯಲ್ಲಿ ಸ್ಪೀಕರ್ ಇರಲಿಲ್ಲ, ಹಾಡೂ ಇರಲಿಲ್ಲ. ಕೇವಲ ಗಾಳಿ ಇತ್ತು.

ಗಾಳಿಯೇ ಮೊದಲ ಶತ್ರು

ಈ ಸಂಗತಿಯನ್ನು ಸವಾರರು ಸಾಮಾನ್ಯವಾಗಿ ನಂಬುವುದಿಲ್ಲ. ಎಂಜಿನ್ನಿನ ಸದ್ದೇ ದೊಡ್ಡದೆಂದು ಅವರ ಭಾವನೆ. ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗವನ್ನು ದಾಟಿದ ಮೇಲೆ ಸವಾರನ ಕಿವಿಗೆ ಬೀಳುವ ಸದ್ದಿನಲ್ಲಿ ಎಂಜಿನ್ನಿನದಕ್ಕಿಂತ ಗಾಳಿಯ ಪಾಲೇ ಹೆಚ್ಚು. ಹೆಲ್ಮೆಟ್ಟಿನ ಕೆಳಗಿನ ಅಂಚು, ಗದ್ದದ ಬಳಿಯ ತೆರವು, ಮುಂದಿನ ಗಾಜಿನ ಸಂದು ಇವುಗಳಲ್ಲಿ ಗಾಳಿ ಸುಳಿಗಟ್ಟಿ ಮೊರೆಯುತ್ತದೆ. 100 ಕಿಲೋಮೀಟರ್ ವೇಗದಲ್ಲಿ ಈ ಮೊರೆತವು 95 ಡೆಸಿಬೆಲ್ ಆಸುಪಾಸಿಗೆ, ಹಲವು ವೇಳೆ ಅದಕ್ಕೂ ಮೇಲಕ್ಕೆ ಏರುತ್ತದೆ. ಹೆಲ್ಮೆಟ್ ತಲೆಯನ್ನು ಕಾಯುವ ಸಾಧನ. ಗಾಳಿಯ ಈ ತಗ್ಗಿನ ಮೊರೆತವನ್ನು ಅದು ಹೆಚ್ಚೇನೂ ತಡೆಯದು.

ಕಿವಿಯ ಸಹನೆಗೆ ಒಂದು ಲೆಕ್ಕವಿದೆ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಾಳಬಹುದೆಂದು ತಜ್ಞರು ಮಿತಿ ಹಾಕಿದ್ದಾರೆ. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಕಾಲಾವಧಿ ಅರ್ಧಕ್ಕಿಳಿಯುತ್ತದೆ: 88 ಕ್ಕೆ 4 ಗಂಟೆ, 91 ಕ್ಕೆ 2 ಗಂಟೆ, 94 ಕ್ಕೆ 1 ಗಂಟೆ, 97 ಕ್ಕೆ ಅರ್ಧ ಗಂಟೆ, 100 ಕ್ಕೆ ಕಾಲು ಗಂಟೆ. ಆ ತಂದೆಯ ಮಗನು ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಹೆದ್ದಾರಿಯಲ್ಲಿರುತ್ತಾನೆ. ಅವನ ಕಿವಿಗೆ ಒಂದು ದಿನಕ್ಕೆ ಸಲ್ಲುವ ಶಬ್ದದ ಪಾಲನ್ನೆಲ್ಲ ಗಾಳಿಯೊಂದೇ ಕಬಳಿಸುತ್ತದೆ. ಆ ಗಾಳಿಯನ್ನು ಮೀರಿ ಕೇಳಿಸಬೇಕೆಂದು ಅವನು ಹಾಡಿನ ಸದ್ದನ್ನು ಏರಿಸಿದರೆ ಏರಿಸಿದಷ್ಟೂ ಹೆಚ್ಚುವರಿ ಹೊರೆ.

ಒಳಗಿವಿಯಲ್ಲಿ ಶಂಖದಂತೆ ಸುರುಳಿಗೊಂಡ ಭಾಗವೊಂದಿದೆ. ಅದರಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಮಾತ್ರ. ಚರ್ಮ ಗಾಯಗೊಂಡರೆ ಮಾಯುತ್ತದೆ, ಮೂಳೆ ಮುರಿದರೆ ಕೂಡುತ್ತದೆ. ಮನುಷ್ಯನಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಇದಕ್ಕೆ ಅಲೋಪತಿಯಲ್ಲಿಯೂ ಮದ್ದಿಲ್ಲ, ನಮ್ಮ ಆಯುರ್ವೇದದಲ್ಲಿಯೂ ಇಲ್ಲ. ಎಣ್ಣೆ ಹಾಕಿ ಹೋದ ಕಿವಿಯನ್ನು ಮರಳಿಸುತ್ತೇವೆ ಎನ್ನುವವರನ್ನು ನಂಬಬೇಡಿರಿ.

ಚರಕಾಚಾರ್ಯರು ರೋಗಕಾರಣಗಳನ್ನು ವಿವರಿಸುವಾಗ ಇಂದ್ರಿಯಗಳಿಗೂ ವಿಷಯಗಳಿಗೂ ಆಗುವ ಅನುಚಿತ ಸಂಯೋಗವನ್ನು ಮುಖ್ಯವಾಗಿ ಎಣಿಸಿದ್ದಾರೆ. ಅದರಲ್ಲಿ ಅತಿಯೋಗ, ಅಯೋಗ, ಮಿಥ್ಯಾಯೋಗ ಎಂದು ಮೂರು ಬಗೆ. ಗುಡುಗು, ನಗಾರಿಗಳಂತಹ ಭಾರಿ ಶಬ್ದವನ್ನು ಅಳತೆ ಮೀರಿ ಕೇಳುವುದು ಶ್ರವಣೇಂದ್ರಿಯದ ಅತಿಯೋಗ. ಏನನ್ನೂ ಕೇಳದಿರುವುದು ಅಯೋಗ. ಇಯರ್‌ಫೋನ್ ತುರುಕಿಕೊಂಡ ಸವಾರನಲ್ಲಿ ಇವೆರಡೂ ಒಟ್ಟಿಗೇ ಇವೆ. ಹಾಡು ಅತಿಯಾಗಿ ಕೇಳುತ್ತದೆ, ಹಿಂದಿನಿಂದ ಬರುವ ಲಾರಿಯ ಹಾರ್ನ್ ಕೇಳುವುದೇ ಇಲ್ಲ.

ಮೊದಲು ಹೆಲ್ಮೆಟ್, ಆಮೇಲೆ ಸ್ಪೀಕರ್

ಆದ್ದರಿಂದ ಆ ತಂದೆಗೆ ನಾವು ಹೇಳುವ ಮೊದಲ ಮಾತು ಇದು: ಸ್ಪೀಕರಿಗಾಗಿ ಎತ್ತಿಟ್ಟ ಹಣದ ಹೆಚ್ಚಿನ ಪಾಲನ್ನು ಒಳ್ಳೆಯ ಹೆಲ್ಮೆಟ್ಟಿಗೆ ಖರ್ಚು ಮಾಡಿರಿ. ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದು ಎಷ್ಟು ತಗ್ಗುವುದೋ ಅಷ್ಟು ಕಡಿಮೆ ಧ್ವನಿಯಲ್ಲಿ ಸ್ಪೀಕರ್ ಕೇಳಿಸುತ್ತದೆ.

ಹೆಲ್ಮೆಟ್ ಮುಖವನ್ನೆಲ್ಲ ಮುಚ್ಚುವ ಪೂರ್ಣ ಹೆಲ್ಮೆಟ್ ಆಗಿರಲಿ. ಭಾರತೀಯ ಮಾನಕ ಬ್ಯೂರೋದ ಐಎಸ್ 4151 ಮಾನಕದ ಐಎಸ್ಐ ಗುರುತು ಇರಲಿ. ಮೋಟಾರು ವಾಹನ ಕಾಯ್ದೆಯ 129ನೆಯ ಕಲಮಿನಂತೆ ಸವಾರ ಮತ್ತು ಹಿಂಬದಿಯವರಿಬ್ಬರೂ ಮಾನಕಕ್ಕೆ ಒಪ್ಪುವ ಹೆಲ್ಮೆಟ್ಟನ್ನೇ ಧರಿಸಬೇಕು. ಅಳತೆಯು ಬಿಗಿಯಾಗಿರಲಿ. ಧರಿಸಿ ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು, ಕೆನ್ನೆಯ ಚರ್ಮವೂ ಅದರೊಡನೆ ಸರಿಯಬೇಕು. ಕೆನ್ನೆಯ ಮೆತ್ತೆ ಸಡಿಲವಾಗಿದ್ದರೆ ಗಾಳಿ ಒಳನುಗ್ಗುತ್ತದೆ. ಗದ್ದದ ಕೆಳಗಿನ ತೆರವನ್ನು ಮುಚ್ಚುವ ಬಟ್ಟೆಯ ಪಟ್ಟಿ ಕೆಲವು ಹೆಲ್ಮೆಟ್ಟುಗಳೊಡನೆ ಬರುತ್ತದೆ. ಅದನ್ನು ಎಸೆಯದೆ ಹಾಕಿಕೊಳ್ಳಿರಿ. ಓಡಿಸುವಾಗ ಮುಂದಿನ ಗಾಜನ್ನು ಮುಚ್ಚಿರಿ. ಎಲ್ಲಕ್ಕಿಂತ ಮಿಗಿಲಾಗಿ ವೇಗವನ್ನು ತಗ್ಗಿಸಿರಿ. 90 ರಿಂದ 70 ಕ್ಕೆ ಇಳಿದರೆ ಕಿವಿಗೆ ಸಿಗುವ ವಿಶ್ರಾಂತಿಯನ್ನು ಯಾವ ಉಪಕರಣವೂ ಕೊಡಲಾರದು.

ಹೆದ್ದಾರಿಯಲ್ಲಿ ದೀರ್ಘ ಪ್ರಯಾಣ ಮಾಡುವವರು ಔಷಧಿ ಅಂಗಡಿಯಲ್ಲಿ ದೊರೆಯುವ ಮೆತ್ತನೆಯ ಫೋಮಿನ ಕಿವಿಬಿರಡೆಗಳನ್ನು ಬಳಸಬಹುದು. ಬಿರಡೆ ಹಾಕಿದರೆ ಹಾರ್ನ್ ಕೇಳಿಸದೆಂಬ ಅಂಜಿಕೆ ಸಹಜ. ಆದರೆ ಬಿರಡೆಯು ಗಾಳಿಯ ಸದ್ದನ್ನೂ ಹಾರ್ನಿನ ಸದ್ದನ್ನೂ ಒಟ್ಟಿಗೆ ತಗ್ಗಿಸುವುದರಿಂದ, ವೇಗದಲ್ಲಿ ಗಾಳಿಯ ಮೊರೆತದ ನಡುವೆ ಹಾರ್ನ್ ಬೇರೆಯಾಗಿ ಕೇಳಿಸಿಯೇ ಕೇಳಿಸುತ್ತದೆ. ಸ್ಪೀಕರಿನ ಧ್ವನಿಯೂ ಹಾಗೆಯೇ. ಊರೊಳಗಿನ ನಿಧಾನದ ಸಂಚಾರದಲ್ಲಿ ಮಾತ್ರ ಬಿರಡೆ ಬೇಡ. ಕಿವಿ ಸೋರುತ್ತಿದ್ದರಂತೂ ಸರ್ವಥಾ ಕೂಡದು.

ಸರಳವಾದ ಜೋಡಣೆ ಯಾವುದು?

ಅಂಗಡಿಯಲ್ಲಿ ತೋರಿಸುವವುಗಳಲ್ಲಿ ಮೂರು ಬಗೆ. ಮೊದಲನೆಯದು ಕಿವಿಯ ರಂಧ್ರದೊಳಗೆ ಕೂಡುವ ಇಯರ್‌ಫೋನ್, ತಂತಿ ಇದ್ದುದು ಅಥವಾ ಇಲ್ಲದುದು. ಹೆಲ್ಮೆಟ್ ಹಾಕುವಾಗ ಅದು ಸರಿಯುತ್ತದೆ, ಇಲ್ಲವೆ ಒಳಕ್ಕೆ ಒತ್ತಿಕೊಳ್ಳುತ್ತದೆ. ಬಿದ್ದರೆ ಓಡುವ ಗಾಡಿಯ ಮೇಲೆಯೇ ಕೈ ಅತ್ತ ಹೋಗುತ್ತದೆ. ಇದು ಬೇಡ. ಎರಡನೆಯದು ಹತ್ತಾರು ಜನ ಸವಾರರು ಪರಸ್ಪರ ಮಾತಾಡಿಕೊಳ್ಳುವ ದುಬಾರಿ ಇಂಟರ್‌ಕಾಮ್. ದಿನನಿತ್ಯ ಕೆಲಸಕ್ಕೆ ಹೋಗಿಬರುವವನಿಗೆ ಇದರ ಅಗತ್ಯವಿಲ್ಲ. ಮೂರನೆಯದು ಹೆಲ್ಮೆಟ್ಟಿನ ಒಳಮೈಯಲ್ಲಿ ಕಿವಿಯ ಎದುರು ಅಂಟಿಸುವ ಬಿಲ್ಲೆಯಂತಹ ಚಪ್ಪಟೆ ಸ್ಪೀಕರ್, ಒಂದು ಮೈಕ್, ಹೊರಗೆ ಸಿಕ್ಕಿಸುವ ಒಂದು ಪುಟ್ಟ ಬ್ಲೂಟೂತ್ ಪೆಟ್ಟಿಗೆ. ನಮ್ಮ ಸಲಹೆ ಈ ಮೂರನೆಯದು. ಇದು ಕಿವಿಯ ರಂಧ್ರವನ್ನು ಮುಚ್ಚುವುದಿಲ್ಲ. ಕೊಳ್ಳುವಾಗ ಹೀಗೆ ಪರೀಕ್ಷಿಸಿರಿ.

ಪೆಟ್ಟಿಗೆಯ ಗುಂಡಿಗಳು ದೊಡ್ಡವಾಗಿದ್ದು ಕೈಗವಸು ತೊಟ್ಟ ಬೆರಳಿಗೂ ತಿಳಿಯುವಂತಿರಲಿ. ಬಲಗೈ ಆಕ್ಸಿಲರೇಟರಿನ ಮೇಲಿರುವುದರಿಂದ ಪೆಟ್ಟಿಗೆಯನ್ನು ಎಡಬದಿಗೆ ಸಿಕ್ಕಿಸಬೇಕು. ಮಳೆಯಲ್ಲಿ ಓಡಾಡುವವರು ಐಪಿ 67 ಎಂಬ ಗುರುತನ್ನು ನೋಡಿ ಕೊಳ್ಳಲಿ. ಧೂಳು ಒಳಹೋಗದು, ಮಳೆಯ ನೀರಿಗೂ ಕೆಡದು ಎಂಬುದರ ಸೂಚನೆ ಅದು. ಪೂರ್ಣ ಹೆಲ್ಮೆಟ್ಟಿಗೆ ಗದ್ದದ ಭಾಗದಲ್ಲಿ ಅಂಟಿಸುವ ಗುಂಡಿಯಂತಹ ಮೈಕ್ ಸರಿ. ಗದ್ದದ ಭಾಗವನ್ನು ಮೇಲೆತ್ತುವ ಹೆಲ್ಮೆಟ್ಟಿಗೆ ಬಾಗುವ ಕಡ್ಡಿಯ ಮೈಕ್ ಬೇಕು.

ಹೆಲ್ಮೆಟ್ಟಿನಲ್ಲಿ ಕಿವಿಯ ಎದುರು ಸ್ಪೀಕರ್ ಕೂಡಲು ತಗ್ಗು ಇದೆಯೋ ಇಲ್ಲವೋ ಎಂಬುದನ್ನು ಹೆಲ್ಮೆಟ್ ಕೊಳ್ಳುವಾಗಲೇ ನೋಡಿರಿ. ತಗ್ಗಿಲ್ಲವೆಂದು ಒಳಗಿನ ಥರ್ಮೋಕೋಲನ್ನು ಚಾಕುವಿನಿಂದ ಕೆತ್ತಿಸಬೇಡಿರಿ. ಬಿದ್ದಾಗ ಪೆಟ್ಟನ್ನು ತಾನು ನುಂಗಿ ತಲೆಬುರುಡೆಯನ್ನು ಉಳಿಸುವುದು ಆ ಥರ್ಮೋಕೋಲೇ. ಅದರ ಮೇಲೆ ದ್ರಾವಕವಿರುವ ಅಂಟನ್ನೂ ಹಚ್ಚಬಾರದು, ಥರ್ಮೋಕೋಲ್ ಕರಗುತ್ತದೆ. ಸ್ಪೀಕರಿನೊಡನೆ ಬರುವ ವೆಲ್ಕ್ರೋ ಪಟ್ಟಿ ಸಾಕು. ತಂತಿಯನ್ನು ಬಟ್ಟೆಯ ಒಳಪದರದ ಕೆಳಗೆ ಹಾಯಿಸಿರಿ.

ಜೋಡಿಸಿದ ಮೇಲೆ ಮನೆಯಲ್ಲಿಯೇ ಅರ್ಧ ಗಂಟೆ ಧರಿಸಿ ಕುಳಿತುಕೊಳ್ಳಿರಿ. ಕಿವಿಯ ಹಾಲೆ ಮಡಚಿದರೆ, ಕೆಂಪಾದರೆ, ನೋಯತೊಡಗಿದರೆ ಆ ಜೋಡಣೆ ನಿಮಗೆ ಒಗ್ಗದು. ಸ್ಪೀಕರಿನ ನಡುಭಾಗ ಕಿವಿಯ ರಂಧ್ರಕ್ಕೆ ನೇರವಾಗಿರಬೇಕು. ಒಂದು ಬೆರಳಗಲ ಸರಿದರೂ ಧ್ವನಿ ಕ್ಷೀಣವಾಗುತ್ತದೆ. ಸ್ಪೀಕರ್ ಕಳಪೆಯೆಂದು ಬಗೆದು ಜನ ಸದ್ದು ಏರಿಸುತ್ತಾರೆ. ಹತ್ತರಲ್ಲಿ ಹಲವು ವೇಳೆ ದೋಷವಿರುವುದು ಸ್ಪೀಕರಿನಲ್ಲಲ್ಲ, ಕೂಡಿಸಿದ ಜಾಗದಲ್ಲಿ.

ಇನ್ನೊಂದು ಮಾತು. ಎರಡು ಸ್ಪೀಕರ್ ಕೊಟ್ಟಿದ್ದರೂ ಎಡಗಿವಿಯದನ್ನು ಮಾತ್ರ ಬಳಸಿದರೆ ಸಾಕು. ನಮ್ಮ ದೇಶದಲ್ಲಿ ರಸ್ತೆಯ ಎಡಬದಿಯಲ್ಲಿ ಸಾಗುತ್ತೇವೆ. ಹಿಂದಿನಿಂದ ಬರುವ ಬಸ್ಸು, ಲಾರಿ ನಮ್ಮನ್ನು ದಾಟುವುದು ಬಲಬದಿಯಿಂದ. ಆ ಕಿವಿ ರಸ್ತೆಗೇ ಮೀಸಲಾಗಿರಲಿ.

ಸದ್ದಿನ ಅಳತೆ

ಯಾವ ಉಪಕರಣದಲ್ಲಿಯೂ ಇಂತಿಷ್ಟೇ ಸದ್ದು ಇಡಬೇಕೆಂದು ಒಂದು ಅಂಕಿಯನ್ನು ಹೇಳಲಾಗದು, ಹೆಲ್ಮೆಟ್ ಬೇರೆ, ವೇಗ ಬೇರೆ. ಆದರೆ ಒಂದು ವಿಧಾನವಿದೆ. ಗಾಡಿಯನ್ನು ನಿಲ್ಲಿಸಿ, ಎಂಜಿನ್ ಆರಿಸಿ, ಹೆಲ್ಮೆಟ್ ಧರಿಸಿ, ಸ್ಪೀಕರಿನಲ್ಲಿ ದಾರಿ ಹೇಳುವ ಧ್ವನಿಯನ್ನು ಹಚ್ಚಿರಿ. ಪಕ್ಕದಲ್ಲಿ ನಿಂತವರೊಬ್ಬರು ಸಹಜವಾಗಿ ಮಾತಾಡಲಿ. ಅವರ ಮಾತು ನಿಮಗೆ ತಿಳಿಯುತ್ತಿರಬೇಕು. ಅದೇ ನಿಮ್ಮ ಮಿತಿ. ಬಳಿಕ 50-60 ವೇಗದಲ್ಲಿ ಸ್ವಲ್ಪ ದೂರ ಹೋಗಿ ನೋಡಿರಿ. ದಾರಿಯ ಧ್ವನಿ ಕೇಳಿಸದಿದ್ದರೆ ಬದಿಗೆ ನಿಲ್ಲಿಸಿ ಮೊದಲು ಗಾಜನ್ನು, ಆಮೇಲೆ ಗದ್ದದ ತೆರವನ್ನು, ಆಮೇಲೆ ಸ್ಪೀಕರಿನ ಜಾಗವನ್ನು ಸರಿಪಡಿಸಿರಿ. ಸದ್ದು ಏರಿಸುವುದು ಕಟ್ಟಕಡೆಯ ಉಪಾಯ, ಅದೂ ಒಂದೇ ಮೆಟ್ಟಿಲು. ಅದಕ್ಕೂ ಕೇಳಿಸದಷ್ಟು ಮೊರೆತವಿದ್ದರೆ ನಿಮ್ಮ ವೇಗ ಹೆಚ್ಚಾಗಿದೆ ಎಂದು ಅರ್ಥ.

“ಹಾಗಾದರೆ ಹಾಡು ಕೇಳಲೇಬಾರದೇ?” ಎಂದು ಯುವಕರು ಕೇಳುತ್ತಾರೆ. ಕಿವಿಯ ಆಯಾಸವು ಸದ್ದಿನ ಜೋರನ್ನೂ ಅದು ಬೀಳುವ ಕಾಲವನ್ನೂ ಅವಲಂಬಿಸಿದೆ. ದಾರಿ ಹೇಳುವ ಧ್ವನಿ ಒಂದೂವರೆ ಗಂಟೆಯ ಪ್ರಯಾಣದಲ್ಲಿ ಎಲ್ಲ ಸೇರಿ ಎರಡು ಮೂರು ನಿಮಿಷ ಮಾತಾಡೀತು. ಹಾಡು ಒಂದೂವರೆ ಗಂಟೆಯೂ ಹಾಡುತ್ತದೆ. ಮೇಲಾಗಿ ಹಾಡಿನಲ್ಲಿ ಮೆಲುದನಿಯೂ ಉಂಟು, ಅಬ್ಬರವೂ ಉಂಟು. ಮೆಲುದನಿ ಕೇಳಿಸಲೆಂದು ಸದ್ದು ಏರಿಸಿದರೆ ಅಬ್ಬರವು ಕಿವಿಗೆ ಬಡಿಯುತ್ತದೆ. ಆದ್ದರಿಂದ ಹೆಲ್ಮೆಟ್ಟಿನೊಳಗಿನ ಸ್ಪೀಕರ್ ದಾರಿ ಕೇಳಲು ಮಾತ್ರ ಇರಲಿ, ಹಾಡನ್ನು ಮನೆಗೆ ಉಳಿಸಿಕೊಳ್ಳಿರಿ.

ಫೋನ್ ಕರೆಗಳ ವಿಷಯದಲ್ಲಿ ನಮ್ಮ ಮಾತು ಇನ್ನೂ ಕಠಿಣ. ವಾಹನ ನಡೆಸುತ್ತ ಫೋನ್ ಬಳಸುವವರಿಗೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದೂ, ಕೈಯಲ್ಲಿ ಹಿಡಿಯದೆ ಮಾತಾಡಿದರೆ ಅಪಾಯವೇನೂ ಹೆಚ್ಚು ತಗ್ಗುವುದಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಕೈ ಖಾಲಿಯಿದ್ದರೂ ಮನಸ್ಸು ಕರೆ ಮಾಡಿದವರ ಬಳಿ ಇರುತ್ತದೆ. ಕರೆ ಬಂದರೆ ಗಾಡಿಯನ್ನು ಬದಿಗೆ ನಿಲ್ಲಿಸಿ ಮಾತಾಡಿರಿ. ಮಗ ರಸ್ತೆಯಲ್ಲಿದ್ದಾನೆಂದು ತಿಳಿದೂ “ಎಲ್ಲಿದ್ದಿ?” ಎಂದು ಮೇಲಿಂದ ಮೇಲೆ ಕರೆ ಮಾಡುವ ತಾಯಿತಂದೆಗಳೂ ಈ ಮಾತನ್ನು ತಮಗೇ ಹೇಳಿದ್ದೆಂದು ತಿಳಿಯಬೇಕು.

ಶುಚಿ ಮತ್ತು ಎಚ್ಚರಿಕೆ

ಹೆಲ್ಮೆಟ್ಟಿನೊಳಗೆ ಬೆವರು, ಧೂಳು, ತಲೆಯ ಎಣ್ಣೆ ಸೇರಿಕೊಳ್ಳುತ್ತವೆ. ಮಳೆಗಾಲದಲ್ಲಿ ತೇವದ ಕಿವಿಗೆ ಬೂಷ್ಟಿನ ಸೋಂಕು ತಗಲಿ ನವೆಯಾಗುವುದನ್ನು ನಾವು ಬಹಳ ನೋಡಿದ್ದೇವೆ. ಸ್ಪೀಕರನ್ನು ಬಿಡಿಸಿ ಒಳಬಟ್ಟೆಯನ್ನು ಹದಿನೈದು ದಿನಕ್ಕೊಮ್ಮೆ ಸೌಮ್ಯವಾದ ಸೋಪಿನಿಂದ ತೊಳೆದು ನೆರಳಿನಲ್ಲಿ ಒಣಗಿಸಿರಿ. ನವೆಯಾಯಿತೆಂದು ಗಾಡಿಯ ಕೀಲಿಯನ್ನೋ ಪಿನ್ನನ್ನೋ ಕಿವಿಗೆ ಹಾಕಬೇಡಿರಿ.

ಕಿವಿಗೆ ಎಣ್ಣೆ ತುಂಬುವ ಕರ್ಣಪೂರಣವು ನಮ್ಮ ಶಾಸ್ತ್ರವು ಒಪ್ಪಿದ ದಿನಚರ್ಯೆ. ಆದರೆ ತಮಟೆಯಲ್ಲಿ ರಂಧ್ರವಿದ್ದಾಗ, ಕಿವಿ ಸೋರುವಾಗ, ಬೂಷ್ಟು ಹಿಡಿದಾಗ ಎಣ್ಣೆ ಹಾಕಿದರೆ ರೋಗ ಉಲ್ಬಣಿಸುತ್ತದೆ. ವೈದ್ಯರು ಕಿವಿಯೊಳಗೆ ನೋಡಿ ಹೇಳುವವರೆಗೆ ಬಿಸಿ ಎಣ್ಣೆಯನ್ನು ಸುರಿಯಬೇಡಿರಿ.

ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ 28 ಕರ್ಣರೋಗಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಕರ್ಣನಾದ ಒಂದು, ಬಾಧಿರ್ಯ ಇನ್ನೊಂದು. ಸವಾರಿ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವುದು, ಹತ್ತಿ ತುಂಬಿದಂತಾಗುವುದು ಕಿವಿ ದಣಿದಿದೆ ಎಂಬುದರ ಗುರುತು. ರಾತ್ರಿಯ ನಿದ್ರೆಯಿಂದ ಅದು ಕಡಿಮೆಯಾದರೂ ಪ್ರತಿದಿನ ಮರುಕಳಿಸುತ್ತಿದ್ದರೆ ಜೋಡಣೆಯನ್ನೂ ವೇಗವನ್ನೂ ಬದಲಿಸಲೇಬೇಕು. ಎರಡು ದಿನವಾದರೂ ನಿಲ್ಲದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿರಿ. ಒಂದು ಕಿವಿ ಹಠಾತ್ತಾಗಿ ಕೇಳಿಸದಾದರೆ, ತಲೆ ಸುತ್ತಿ ಬಂದರೆ ನಮ್ಮಂಥವರ ಬಳಿ ಎಣ್ಣೆಗೆ ಬಂದು ದಿನ ಕಳೆಯಬೇಡಿರಿ. ಅದೇ ದಿನ ಕಿವಿ-ಮೂಗು-ಗಂಟಲು ತಜ್ಞರ ಬಳಿಗೆ ಹೋಗಿರಿ. ಅಂತಹ ಪ್ರಸಂಗದಲ್ಲಿ ಮೊದಲ ದಿನಗಳ ಚಿಕಿತ್ಸೆಯಿಂದಲೇ ಕಿವಿ ಉಳಿಯುವ ಆಸೆ. ಶ್ರವಣ ಪರೀಕ್ಷೆಯ ಸೌಲಭ್ಯ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಉಂಟು.

ನಮಗೆ ಈಗ ಶಿಬಿರದಲ್ಲಿ ಮೆಲುದನಿಯವರು ರೋಗ ಹೇಳಿಕೊಳ್ಳುವಾಗ ‘ಸ’ಕಾರ ‘ಶ’ಕಾರಗಳು ಸರಿಯಾಗಿ ತಿಳಿಯುವುದಿಲ್ಲ. ಮತ್ತೊಮ್ಮೆ ಹೇಳಿರೆಂದು ಕೇಳುತ್ತೇವೆ. ಕೆಲವರು ಸಂಕೋಚದಿಂದ ಹೇಳದೆಯೇ ಸುಮ್ಮನಾಗುತ್ತಾರೆ. ರೋಗಿಯ ಮಾತನ್ನು ಕೇಳುವುದೇ ಕಾಯಕವಾದ ವೈದ್ಯನಿಗೆ ಇದು ಸಣ್ಣ ನಷ್ಟವಲ್ಲ. ಹಾವೇರಿಯ ಆ ತರುಣನಿಗೆ ಇನ್ನೂ ಮೂವತ್ತು ತುಂಬಿರಲಾರದು, ಅವನ ಕಿವಿ ಇನ್ನೂ ಅವನ ಕೈಯಲ್ಲಿದೆ.

ಮುಂದಿನ ಶಿಬಿರಕ್ಕೆ ಬರುವ ಸದ್ಭಕ್ತರು ತಮ್ಮ ಮಕ್ಕಳನ್ನೂ ಅವರ ಹೆಲ್ಮೆಟ್ಟುಗಳನ್ನೂ ಕರೆತನ್ನಿರಿ. ಹೆಲ್ಮೆಟ್ಟಿನ ಬಿಗಿ ಸರಿಯಿದೆಯೋ, ಸ್ಪೀಕರ್ ಕಿವಿಗೆ ಒತ್ತುತ್ತಿದೆಯೋ ಎಂಬುದನ್ನು ರಕ್ತದೊತ್ತಡದ ಜೊತೆಗೇ ನೋಡಿಕೊಡುತ್ತೇವೆ. ನೀವು ಮಾತ್ರ ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕಾದೀತು.